ನೆಲ ಮೊದಲು, ಡಂಬೆಲ್ ಆಮೇಲೆ

ಚಿ. ಸೌ. ವಸುಧೆಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮೆಲ್ಲರ ಕ್ಷೇಮ ಸಮಾಚಾರ ದಿನವೂ ವಾಟ್ಸಾಪಿನಲ್ಲಿ ತಿಳಿಯುತ್ತಲೇ ಇದೆ. ಆದರೂ ಈ ಒಂದು ವಿಷಯವನ್ನು ಫೋನಿನಲ್ಲಿ ಎರಡು ಸಾಲು ಒತ್ತಿ ಮುಗಿಸಿಬಿಡಲು ಮನಸ್ಸು ಬರಲಿಲ್ಲ. ಕಾಗದ ತೆಗೆದುಕೊಂಡು ಕೂತೆ. ಮಹಡಿಯ ಮೇಲಿನ ಕೋಣೆಯ ಫೋಟೊ, ಅದರ ಹಿಂದೆಯೇ ಅಂಗಡಿಯಲ್ಲಿ ತೆಗೆದ ನಾಲ್ಕು ಥರದ ನೆಲಹಾಸಿನ ಫೋಟೊ ಕಳಿಸಿ, "ದೊಡ್ಡಮ್ಮ, ವ್ಯಾಯಾಮದ ಕೋಣೆಗೆ ಇದರಲ್ಲಿ ಯಾವ ಬಣ್ಣ ಒಪ್ಪುತ್ತೆ ಹೇಳಿ" ಎಂದು ಕೇಳಿದ್ದೀಯ. ಬಣ್ಣ ಆಮೇಲೆ ನೋಡೋಣ ಕಣೇ. ಆ ನೆಲದ ಮೇಲೆ ನೀನು ಇನ್ನು ಎಷ್ಟೋ ವರ್ಷ ಕುಣಿಯುವವಳು, ಮಲಗುವವಳು, ಭಾರ ಎತ್ತುವವಳು. ನಿನ್ನ ಮೊಣಕಾಲು, ಹರಡು, ಬೆನ್ನು ದಿನವೂ ಲೆಕ್ಕ ಒಪ್ಪಿಸಬೇಕಾದದ್ದು ಆ ನೆಲಕ್ಕೆ.

ಪುಟ್ಟ ಹುಟ್ಟಿದ ಮೇಲೆ ನೀನು ನಿನ್ನ ಮೈ ಕಡೆ ನೋಡಿಕೊಂಡಿರಲಿಲ್ಲ. ಅವನಿಗೆ ಮೂರು ತುಂಬಿತು, ಈಗಲಾದರೂ ಬೆಳಗ್ಗೆ ಒಂದು ಗಂಟೆ ನನ್ನದು ಅಂದುಕೊಂಡೆಯಲ್ಲ, ಅದು ನನಗೆ ತುಂಬ ಸಂತೋಷದ ಸುದ್ದಿ. ಹೊಸ ಮನೆಯಲ್ಲಿ ದೇವರ ಕೋಣೆಗೂ ಅಡುಗೆಮನೆಗೂ ಜಾಗ ಇಟ್ಟ ಹಾಗೆ ವ್ಯಾಯಾಮಕ್ಕೂ ಒಂದು ಕೋಣೆ ಇಟ್ಟಿದ್ದೀರಿ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಹಾಗೆ ಕೇಳುವುದಿರಲಿ, ಯೋಚಿಸುವುದೂ ಇರಲಿಲ್ಲ. ಅಳಿಯಂದಿರು ಒಪ್ಪಿ ಮುಂದೆ ನಿಂತು ಮಾಡಿಸುತ್ತಿದ್ದಾರೆ ಎಂದು ನಿನ್ನಮ್ಮ ಹೇಳಿದಳು. ಅವರಿಗೂ ನನ್ನ ಆಶೀರ್ವಾದ ತಿಳಿಸು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಸೇರಿದಾಗ ಶಾಲೆಗೆ ಒಂದು ಮೈದಾನವಿತ್ತು. ಬರೀ ಕೆಮ್ಮಣ್ಣಿನ ಬಯಲು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಜೂನ್ ಬಂದರೆ ಹೊರಗೆ ಇಳಿಯುವಂತಿರಲಿಲ್ಲ. ಪಾಠ ತಪ್ಪಬಾರದು ಎಂದು ಹುಡುಗಿಯರನ್ನು ಹಜಾರಕ್ಕೆ ಕರೆದೊಯ್ದು ಹಗ್ಗ ಕೊಟ್ಟು ಸ್ಕಿಪ್ಪಿಂಗ್ ಮಾಡಿಸುತ್ತಿದ್ದೆ. ಅದು ಹಳೆಯ ಕಟ್ಟಡ, ಸಿಮೆಂಟ್ ತಿಕ್ಕಿ ನುಣುಪು ಮಾಡಿದ ಗಟ್ಟಿ ನೆಲ. ಆಗಸ್ಟ್ ಹೊತ್ತಿಗೆ ಒಬ್ಬೊಬ್ಬಳೇ ಬಂದು ಮೊಣಕಾಲ ಕೆಳಗೆ, ಮುಂಗಾಲಿನ ಎಲುಬಿನ ಒಳಮಗ್ಗುಲನ್ನು ಮುಟ್ಟಿ ತೋರಿಸಿ, "ಇಲ್ಲಿ ನೋವು ಮಿಸ್" ಅನ್ನುತ್ತಿದ್ದರು. ಬೆರಳಿಟ್ಟು ಒತ್ತಿದರೆ ಮುಖ ಕಿವುಚುತ್ತಿದ್ದರು. ಅಭ್ಯಾಸವಾಗುವ ತನಕ ಹಾಗೇ ಇರುತ್ತೆ ಅಂತ ನಾನು ಮುಂದುವರಿಸಿದೆ, ಅದು ತಪ್ಪು. ಊರಿನ ವೈದ್ಯರು ಒಬ್ಬ ಹುಡುಗಿಯ ಕಾಲು ನೋಡಿ, ಈ ನೆಲದ ಮೇಲೆ ಜಿಗಿಸುವುದನ್ನು ಮೊದಲು ನಿಲ್ಲಿಸಿ ಅಂದರು. ಮಳೆ ಬಿಟ್ಟು ಮೈದಾನಕ್ಕೆ ಇಳಿದ ಮೇಲೆ, ಜಿಗಿತವನ್ನೂ ಕಡಿಮೆ ಮಾಡಿದ ಮೇಲೆ ನೋವು ಹೋಯಿತು. ಅಂದಿನಿಂದ ಯಾವ ಕೋಣೆಗೆ ಹೋದರೂ ನನ್ನ ಕಣ್ಣು ಮೊದಲು ನೆಲಕ್ಕೆ ಹೋಗುತ್ತದೆ.

ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಜಿಗಿದು ಇಳಿಯುವಾಗಲೂ ಅಂಥದ್ದೇ. ನೆಲ ಚೂರಾದರೂ ಬಗ್ಗಿದರೆ ಆ ಭಾರ ಇಳಿಯಲು ಒಂದಿಷ್ಟು ಹೊತ್ತು ಸಿಗುತ್ತದೆ, ಪೆಟ್ಟು ಹಂಚಿಹೋಗುತ್ತದೆ. ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸ್ ಒಂದು ಕೂದಲೆಳೆಯಷ್ಟೂ ಬಗ್ಗುವುದಿಲ್ಲ. ಬಗ್ಗುವ ಕೆಲಸವೆಲ್ಲ ನಮ್ಮ ಕೀಲುಗಳದ್ದೇ ಆಗುತ್ತದೆ. ನಿನ್ನ ಮಹಡಿಯ ಕೋಣೆಗೆ ಈಗಾಗಲೇ ವಿಟ್ರಿಫೈಡ್ ಟೈಲ್ಸ್ ಕೂರಿಸಿ ಆಗಿದೆ. ನೋಡಲು ಕನ್ನಡಿಯಂತಿದೆ. ಅದನ್ನು ಕೀಳಿಸಬೇಡ, ಅದರ ಅಗತ್ಯವಿಲ್ಲ. ಆದರೆ ಅದರ ಮೇಲೆಯೇ ವ್ಯಾಯಾಮ ಶುರು ಮಾಡಲೂ ಬೇಡ. ಬೆವರಿನ ನಾಲ್ಕು ಹನಿ ಬಿದ್ದರೆ ಆ ಟೈಲ್ಸ್ ಎಷ್ಟು ಜಾರುತ್ತದೆಂದು ನಿನಗೆ ಗೊತ್ತಿಲ್ಲದ್ದಲ್ಲ.

ಇನ್ನು ನಿನ್ನ ಫೋಟೊಗಳ ವಿಷಯ. ಮೊದಲನೆಯದು, ಒಂದಕ್ಕೊಂದು ಹಲ್ಲು ಕಚ್ಚಿಕೊಳ್ಳುವ ಬಣ್ಣಬಣ್ಣದ ಫೋಮ್ ಮ್ಯಾಟು. ನಿನ್ನ ಮನಸ್ಸು ಅದರ ಮೇಲೇ ಇದೆ ಅಂತ ಫೋಟೊ ತೆಗೆದ ಕೋನದಿಂದಲೇ ಗೊತ್ತಾಯಿತು. ಹಗುರ, ಅಗ್ಗ, ಮೆತ್ತಗೆ. ಮಗು ಬಿದ್ದರೂ ಪೆಟ್ಟಾಗದು. ಕೂತು ಕೈಕಾಲು ಚಾಚುವವರಿಗೆ, ಪುಟ್ಟನ ಆಟಕ್ಕೆ ಅದು ಸಾಕು. ಆದರೆ ನೀನು ಅದರ ಮೇಲೆ ಬಸ್ಕಿ ಹೊಡೆಯುವವಳು, ಕೈಯಲ್ಲಿ ಹತ್ತು ಹನ್ನೆರಡು ಕಿಲೋ ಹಿಡಿದು ಮುಂದಕ್ಕೆ ಹೆಜ್ಜೆ ಇಡುವವಳು. ಆಗ ಹಾಸಿಗೆಯ ಮೇಲೆ ನಿಂತು ಬಕೆಟ್ ನೀರು ಎತ್ತಿದ ಹಾಗಾಗುತ್ತದೆ. ಹಿಮ್ಮಡಿ ಒಂದು ಕಡೆ ಹೆಚ್ಚು ಇಳಿಯುತ್ತದೆ, ಹರಡು ಒಳಕ್ಕೆ ವಾಲುತ್ತದೆ, ಅದರ ಹಿಂದೆಯೇ ಮೊಣಕಾಲೂ ವಾಲುತ್ತದೆ. ಸೂರ್ಯನಮಸ್ಕಾರ ಮಾಡುವಾಗ ಅಂಗೈಯ ಬುಡ ಫೋಮಿನೊಳಗೆ ಹುದುಗಿ, ಬೆರಳುಗಳು ಮೇಲುಳಿದು, ಮಣಿಕಟ್ಟು ಇರಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ. ಕೈನೋವು ಎಂದು ಯೋಗಾಸನ ಬಿಟ್ಟ ಎಷ್ಟೋ ಹೆಂಗಸರ ಮನೆಯಲ್ಲಿ ನಾನು ಇದೇ ಮ್ಯಾಟನ್ನು ನೋಡಿದ್ದೇನೆ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಚಪ್ಪಲಿ ಬಿಟ್ಟು ಫೋಮಿನ ತುಂಡಿನ ಮೇಲೆ ಒಂಟಿಕಾಲಿನಲ್ಲಿ ನಿಲ್ಲು, ಕಣ್ಣು ಮುಚ್ಚು. ಹರಡು ಆ ಕಡೆ ಈ ಕಡೆ ತಡಕಾಡುವುದು ನಿನಗೇ ತಿಳಿಯುತ್ತದೆ. ಪಕ್ಕದ ರಬ್ಬರಿನ ತುಂಡಿನ ಮೇಲೂ ಹಾಗೆಯೇ ನಿಲ್ಲು. ಅಂಗಡಿಯವರು ನೋಡಿದರೆ ನೋಡಲಿ, ಸಂಕೋಚ ಬೇಡ. ಮತ್ತೆ ಆ ಫೋಮಿನ ಮೇಲೆ ಡಂಬೆಲ್ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಗುಳಿ ಬಿದ್ದಿರುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಬರಬರುತ್ತ ಕುಗ್ಗಿ ಹಲ್ಲುಗಳ ನಡುವೆ ಸಂದಿ ಬಿಡುತ್ತದೆ. ಆ ಸಂದಿಗೆ ಕಾಲ್ಬೆರಳು ಸಿಕ್ಕಿದರೆ ಮುಗ್ಗರಿಸುವುದೇ.

ಎರಡನೆಯದು ಮರದಂತೆ ಕಾಣುವ ಲ್ಯಾಮಿನೇಟು. ಚೆಂದವಿದೆ, ಆದರೆ ಅದರ ಒಳಗಿರುವುದು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಬೆವರು ಸಂದಿಯಲ್ಲಿ ಇಳಿದರೆ ಅಂಚು ಉಬ್ಬುತ್ತದೆ, ಭಾರ ಬಿದ್ದರೆ ಚಕ್ಕೆ ಏಳುತ್ತದೆ. ಬ್ಯಾಡ್ಮಿಂಟನ್ ಒಳಾಂಗಣದಲ್ಲಿ ನೀನು ಆಡಿದ ಮರದ ನೆಲವೇ ಬೇರೆ: ಅದರ ಅಡಿಯಲ್ಲಿ ಅಡ್ಡಪಟ್ಟಿ, ಅದರ ಕೆಳಗೆ ಮೆತ್ತೆ ಕೊಟ್ಟು ಇಡೀ ನೆಲವೇ ಚೂರು ಬಗ್ಗುವ ಹಾಗೆ ಕಟ್ಟಿರುತ್ತಾರೆ. ಅದನ್ನು ಹತ್ತಡಿಯ ಕೋಣೆಗೆ ಮಾಡಿಸುವುದು ದುಬಾರಿ ಕೆಲಸ. ಮೂರನೆಯದು ಆ ಹಸಿರು ಪ್ಲಾಸ್ಟಿಕ್ ಹುಲ್ಲು. ಅದನ್ನು ಬಿಡು. ಧೂಳು, ಕೂದಲು, ಬೆವರು ಎಲ್ಲ ಅದರ ಬುಡದಲ್ಲಿ ಕೂತುಬಿಡುತ್ತವೆ, ಒರೆಸಲು ಬರುವುದಿಲ್ಲ.

ನಾಲ್ಕನೆಯ ಫೋಟೊದಲ್ಲಿ ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ, ಕರಿಯ ಮೈಮೇಲೆ ಬೂದು ಚುಕ್ಕೆಗಳ ರಬ್ಬರು ಇತ್ತು. ನೀನು ಅದರ ಕೆಳಗೆ "ಇದು ಟೈರ್ ಥರ ಇದೆ" ಅಂತ ಬರೆದಿದ್ದೆ. ಹೌದು, ಟೈರೇ. ಹಳೆಯ ಟೈರುಗಳನ್ನು ಪುಡಿ ಮಾಡಿ, ಅಂಟು ಬೆರೆಸಿ, ಒತ್ತಿ ಹಾಳೆ ಮಾಡುತ್ತಾರೆ. ಆ ಬೂದು ಚುಕ್ಕೆ ಬೇರೊಂದು ಬಣ್ಣದ ರಬ್ಬರಿನ ಹರಳು. ಜಿಮ್ಮುಗಳಲ್ಲಿ ಹಾಸುವುದು ಇದನ್ನೇ. ನಾನು ಹೇಳಬೇಕೆಂದಿರುವುದೂ ಇದನ್ನೇ: ಕೆಳಗೆ ಗಟ್ಟಿಯಾದ ಸಮನೆಲ, ಮೇಲೆ ತೆಳ್ಳಗಿನ ದಟ್ಟ ರಬ್ಬರು. ಕಾಲಿಗೆ ಬೇಕಾದ್ದು ಮೆತ್ತನೆ ಅಲ್ಲ, ಹದವಾದ ಬಿಗಿ.

ಈ ಹದ ನಮ್ಮೂರಿಗೆ ಹೊಸದೂ ಅಲ್ಲ ಕಣೇ. ನಿನ್ನ ಅಜ್ಜ, ನಾವು ಅಣ್ಣ ಅಂತ ಕರೆಯುತ್ತಿದ್ದೆವು, ಮೈಸೂರಿನ ಹಳೆಯ ಮೊಹಲ್ಲಾದಲ್ಲಿ ಬೆಳೆದವರು. ಬೆಳಗ್ಗೆ ಹಾಲು ತರಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಒಂದು ಗರಡಿಮನೆ. ಹೆಣ್ಣುಮಕ್ಕಳು ಒಳಗೆ ಕಾಲಿಡುವ ಹಾಗಿರಲಿಲ್ಲ. ಗಿಡ್ಡ ಬಾಗಿಲಿನಾಚೆ ನಿಂತು ಇಣುಕುತ್ತಿದ್ದೆ. ಒಳಗೆ ಆಂಜನೇಯನ ಪಟ, ಮೂಲೆಯಲ್ಲಿ ಗದೆಗಳು, ನಡುವೆ ಕೆಮ್ಮಣ್ಣಿನ ಮಟ್ಟಿ. ಹುಡುಗರು ಬಂದವರೇ ಕುಸ್ತಿಗೆ ಇಳಿಯುತ್ತಿರಲಿಲ್ಲ. ಮೊದಲು ಗುದ್ದಲಿ ಹಿಡಿದು ಮಟ್ಟಿ ಅಗೆಯಬೇಕು, ಹೆಂಟೆ ಒಡೆಯಬೇಕು, ಕಾಲಿನಿಂದ ಎಳೆದು ಸಮ ಮಾಡಬೇಕು. ಉಸ್ತಾದರು ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳ ನಡುವೆ ಉದುರಿಸಿ ನೋಡುತ್ತಿದ್ದರು. ಒಂದು ಹರಳು ಸಿಕ್ಕಿದರೂ ಎತ್ತಿ ಹೊರಗೆ ಎಸೆಯುತ್ತಿದ್ದರು. ಜರಡಿ ಹಿಡಿದ ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸುತ್ತಾರೆ ಎಂದು ಅಣ್ಣ ಹೇಳುತ್ತಿದ್ದರು. ತೀರ ಸಡಿಲವಾದರೆ ಪೈಲ್ವಾನನ ಕಾಲು ಹೂತುಹೋಗುತ್ತದೆ, ತೀರ ಗಟ್ಟಿಯಾದರೆ ಬಿದ್ದವನ ಭುಜ ಹೋಗುತ್ತದೆ. ನಿತ್ಯ ಅಗೆಯುವುದು ಅದಕ್ಕೇ. ಇವತ್ತಿಗೂ ದಸರೆಯ ಸಮಯಕ್ಕೆ ಮೈಸೂರಿಗೆ ಬಂದರೆ ಮಟ್ಟಿಯ ಕುಸ್ತಿಯನ್ನೂ ನೋಡಬಹುದು, ಮ್ಯಾಟಿನ ಕುಸ್ತಿಯನ್ನೂ ನೋಡಬಹುದು. ಎರಡನ್ನೂ ಹತ್ತಿರ ನಿಂತು ನೋಡು, ಪೈಲ್ವಾನರು ಹೆಜ್ಜೆ ಊರುವ ರೀತಿಯೇ ಬೇರೆ ಬೇರೆ.

ನಿನಗೆ ಮಟ್ಟಿ ಬೇಡ, ರಬ್ಬರು ಸಾಕು. ಆದರೆ ನೆಲವನ್ನು ಮೊದಲು ಹದ ಮಾಡಿಯೇ ಸಾಮು ಶುರು ಮಾಡಬೇಕೆಂಬ ಅವರ ಕ್ರಮವನ್ನು ನೀನೂ ಹಿಡಿ.

ರಬ್ಬರಿನ ದಪ್ಪ ಎಷ್ಟಿರಬೇಕು ಅನ್ನುವುದು ನೀನು ಅಲ್ಲಿ ಏನು ಮಾಡುತ್ತೀಯ ಎಂಬುದರ ಮೇಲೆ ನಿಂತಿದೆ. ನೀನು ಹೇಳಿದ್ದು ಯೋಗ, ಹಗ್ಗ, ಡಂಬೆಲ್. ಅದಕ್ಕೆ 8 ರಿಂದ 10 ಮಿಲಿಮೀಟರ್ ಧಾರಾಳವಾಯಿತು. ಅಂಗಡಿಯವರು 20 ಮಿಲಿಮೀಟರ್ ತಗೊಳ್ಳಿ, ಇನ್ನೂ ಒಳ್ಳೆಯದು ಅನ್ನುತ್ತಾರೆ. ನಿನ್ನ ಕೆಲಸಕ್ಕೆ ಬೇಡ. ದಪ್ಪಕ್ಕಿಂತ ದಟ್ಟತನ ನೋಡು. ಒಂದೇ ದಪ್ಪದ ಎರಡು ತುಂಡನ್ನು ಎರಡು ಕೈಯಲ್ಲಿ ತೂಗಿದರೆ ಭಾರವಾದದ್ದು ದಟ್ಟವಾದದ್ದು. ತುಂಡನ್ನು ಮಡಚು; ಮಡಿಕೆಯಲ್ಲಿ ಬಿರುಕು ಬಿಟ್ಟು ಪುಡಿ ಉದುರಿದರೆ ಅಂಟು ಸಾಲದು ಅಂತ ಅರ್ಥ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಂದೆರಡು ಸಲ ಉಜ್ಜು. ಬಟ್ಟೆ ಮಸಿಯಂತೆ ಕರ‍್ರಗಾದರೆ ಅದನ್ನು ಅಲ್ಲೇ ಬಿಟ್ಟು ಬಾ, ಇಲ್ಲದಿದ್ದರೆ ನಿನ್ನ ಮನೆಯ ಪ್ರತಿ ಕೋಣೆಯಲ್ಲೂ ಕರಿ ಹೆಜ್ಜೆ ಒರೆಸುತ್ತ ಕೂರಬೇಕಾಗುತ್ತದೆ. ಪುಟ್ಟ ಹರಳು ಕಿತ್ತು ಬಾಯಿಗೆ ಹಾಕುವ ವಯಸ್ಸಿನವನು ಎಂಬುದನ್ನೂ ನೆನಪಿಡು. ಅವನನ್ನು ಆ ಕೋಣೆಯಲ್ಲಿ ಒಬ್ಬನೇ ಬಿಡಬೇಡ. ಡಂಬೆಲ್ಲನ್ನು ಅವನ ಕೈಗೆಟುಕುವ ಕಡೆ ಇಡಬೇಡ.

ಹಾಸುವ ಮೊದಲು ಟೈಲ್ಸನ್ನು ಪರೀಕ್ಷಿಸಬೇಕು. ಒಂದು ಐದು ರೂಪಾಯಿ ನಾಣ್ಯ ಹಿಡಿದು ಮಂಡಿಯೂರಿ ಕೂತು, ಪ್ರತಿ ಟೈಲಿನ ನಾಲ್ಕು ಮೂಲೆ, ನಡುಮಧ್ಯ ತಟ್ಟುತ್ತ ಹೋಗು. ಅಡಿಯಲ್ಲಿ ಗಾರೆ ತುಂಬಿದ ಕಡೆ 'ಟಕ್' ಎಂದು ಗಟ್ಟಿ ಸದ್ದು. ಪೊಳ್ಳು ಬಿಟ್ಟ ಕಡೆ 'ಡಬ್' ಎಂದು ಟೊಳ್ಳು ಸದ್ದು. ಪೊಳ್ಳು ಟೈಲಿನ ಮೇಲೆ ಡಂಬೆಲ್ ಜೋರಾಗಿ ಕೂತರೆ, ಮೇಲೆ ರಬ್ಬರಿದ್ದರೂ ಒಡೆಯಬಹುದು. ಒಡೆದದ್ದು ಕಾಣಿಸದೆ ರಬ್ಬರಿನ ಕೆಳಗೆ ಕೂತಿರುತ್ತದೆ. ಪೊಳ್ಳು ಸಿಕ್ಕ ಕಡೆಯೆಲ್ಲ ಚಾಕ್‌ಪೀಸಿನಿಂದ ಗುರುತು ಹಾಕಿ ಮೇಸ್ತ್ರಿಗೆ ತೋರಿಸು. ಅವರಿನ್ನೂ ಕೊನೆಯ ಬಿಲ್ಲು ತೆಗೆದುಕೊಂಡಿಲ್ಲ ಅಂತ ನಿನ್ನಮ್ಮ ಹೇಳಿದಳು, ಹಾಗಾಗಿ ಇದೇ ಸಮಯ. ಹಾಗೆಯೇ ರಸಮಟ್ಟ ಇಟ್ಟು ನೋಡಲು ಹೇಳು. ಆ ಕೋಣೆ ಬಾಲ್ಕನಿಗೆ ಅಂಟಿಕೊಂಡಿದೆಯಲ್ಲ, ನೀರು ಹರಿಯಲೆಂದು ಅತ್ತ ವಾಟ ಕೊಟ್ಟಿದ್ದರೆ ನೀನು ದಿನವೂ ಒಂದು ಕಾಲು ತಗ್ಗಿನಲ್ಲಿಟ್ಟು ಬಸ್ಕಿ ಹೊಡೆಯಬೇಕಾಗುತ್ತದೆ.

ಇನ್ನೊಂದು ಸಂಗತಿ ಯಾರೂ ಮೊದಲು ಯೋಚಿಸುವುದಿಲ್ಲ: ಬಾಗಿಲು. ನಿನ್ನ ಫೋಟೊದಲ್ಲಿ ಅದು ಒಳಕ್ಕೆ ತೆರೆಯುತ್ತದೆ. ನೆಲ 10 ಮಿಲಿಮೀಟರ್ ಮೇಲೆದ್ದರೆ ಬಾಗಿಲು ರಬ್ಬರನ್ನು ಉಜ್ಜಿಕೊಂಡು ಅರ್ಧಕ್ಕೇ ನಿಲ್ಲುತ್ತದೆ. ಹಾಸಿದ ಮೇಲೆ ಗೊತ್ತಾದರೆ ಬಾಗಿಲ ಮುಂದಿನ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಅಲ್ಲೊಂದು ಮೆಟ್ಟಿಲಂತೆ ಅಂಚು ಉಳಿದು ನಿನ್ನ ಅತ್ತೆಯವರ ಕಾಲಿಗೆ ತೊಡರುತ್ತದೆ. ಬಡಗಿಯವರು ಇನ್ನೂ ಬಂದು ಹೋಗುತ್ತಿರುವಾಗಲೇ ಬಾಗಿಲು ಕಳಚಿಸಿ ಕೆಳಗಂಚು ಕೀಸಿಸಿಬಿಡು.

ರಬ್ಬರು ಮನೆಗೆ ಬಂದ ದಿನವೇ ಕತ್ತರಿಸಬೇಡಿ. ಸುರುಳಿ ಬಿಚ್ಚಿ ಒಂದು ದಿನ ಕೋಣೆಯಲ್ಲಿ ಚಪ್ಪಟೆ ಮಲಗಿಸಿ. ಸುತ್ತಿಟ್ಟ ಸೊಟ್ಟ ಬಿಡಲಿ. ಕತ್ತರಿಸುವಾಗ ಚಾಕುವಿನ ಅಲಗಿಗೆ ಸಾಬೂನು ನೀರು ಸವರಿ, ಒಂದೇ ಏಟಿಗೆ ಒತ್ತದೆ ಮೂರು ನಾಲ್ಕು ಸಲ ಎಳೆದರೆ ಅಂಚು ನೆಟ್ಟಗೆ ಬರುತ್ತದೆ. ಗೋಡೆಯ ಸುತ್ತ ಒಂದಿಷ್ಟು ಸಂದಿ ಬಿಡಿ, ಬೇಸಿಗೆಗೆ ರಬ್ಬರು ಹಿಗ್ಗುತ್ತದೆ. ಅಂಟು ಬೇಡ. ಅದರ ಭಾರಕ್ಕೆ ಅದೇ ಕೂತಿರುತ್ತದೆ, ಮುಂದೆ ಮಳೆಗಾಲದಲ್ಲಿ ಒಂದು ಮೂಲೆ ಎತ್ತಿ ಅಡಿ ಒಣಗಿದೆಯೇ ನೋಡಲೂ ಬರುತ್ತದೆ. ಮೊದಲ ಕೆಲವು ವಾರ ಟೈರಿನ ವಾಸನೆ ಬರುತ್ತದೆ; ಕಿಟಕಿಗಳನ್ನು ತೆರೆದಿಟ್ಟು, ವಾಸನೆ ಇಳಿದ ಮೇಲೆ ಪ್ರಾಣಾಯಾಮ ಅಲ್ಲಿ ಶುರು ಮಾಡು. ಒರೆಸಲು ಸಾಬೂನು ನೀರು, ಹಿಂಡಿದ ಬಟ್ಟೆ, ಅಷ್ಟೇ. ಸೀಮೆಎಣ್ಣೆಯಂಥ ಯಾವುದನ್ನೂ ತಾಗಿಸಬೇಡ, ರಬ್ಬರು ಹಾಳಾಗುತ್ತದೆ. ನಿಮ್ಮ ಹಜಾರದ ಪಕ್ಕದಲ್ಲಿ ವಿನೈಲ್ ಹಾಸಿದ್ದೀರಲ್ಲ, ಅದರ ಮೇಲೆ ಮಾತ್ರ ರಬ್ಬರಿನ ಉಳಿದ ತುಂಡನ್ನು ಇಡಬೇಡ. ವಿನೈಲಿಗೆ ರಬ್ಬರಿನಿಂದ ಹಳದಿ ಕಲೆ ಇಳಿಯುತ್ತದೆ, ಯಾವುದರಿಂದಲೂ ಹೋಗುವುದಿಲ್ಲ.

ಯೋಗಕ್ಕೆ ಮಾತ್ರ ರಬ್ಬರಿನ ಮೇಲೆ ನಿನ್ನ ತೆಳು ಮ್ಯಾಟ್ ಹಾಸಿಕೋ. ನಮ್ಮ ಮನೆಯ ಕಾವಿ ನೆಲದ ಮೇಲೆ ಜಮಖಾನ ಹಾಸಿ ನಾನು ಆಸನ ಕಲಿತವಳು. ತ್ರಿಕೋನಾಸನದಲ್ಲಿ ಕಾಲು ಅಗಲಿಸಿದಷ್ಟೂ ಜಮಖಾನ ಜಾರುತ್ತಿತ್ತು, ತೊಡೆಯೊಳಗಿನ ಸ್ನಾಯುಗಳೆಲ್ಲ ಜಾರದಂತೆ ಹಿಡಿದುಕೊಳ್ಳುವುದರಲ್ಲೇ ಸೋಲುತ್ತಿದ್ದವು. ರಬ್ಬರಿನ ಮೇಲೆ ಮ್ಯಾಟು ಕಚ್ಚಿಕೊಂಡು ಕೂರುತ್ತದೆ, ನಿನಗೆ ಆ ಕಷ್ಟವಿಲ್ಲ.

ಈಗ ಅಳಿಯಂದಿರು ಕೊಳ್ಳಬೇಕೆಂದಿರುವ ಬಾರ್‌ಬೆಲ್ ವಿಷಯ. ಇದನ್ನು ಅವರಿಗೂ ಓದಿ ಹೇಳು. ಮಹಡಿಯ ಕೋಣೆ 10 ಅಡಿಗೆ 12 ಅಡಿ ಅಂದೆ, ಸುಮಾರು 11 ಚದರ ಮೀಟರ್. ದಟ್ಟ ರಬ್ಬರು 10 ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಹತ್ತು ಕಿಲೋ ಹತ್ತಿರ ತೂಗುತ್ತದೆ; ಇಡೀ ಕೋಣೆಗೆ 110 ಕಿಲೋ ಆಯಿತು. ಅದೇನೂ ಭಯವಲ್ಲ. ನಮ್ಮ ಭಾರತೀಯ ಮಾನಕ ಐ.ಎಸ್. 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಹೊರುವ ಹಾಗೆ ಲೆಕ್ಕ ಹಾಕುತ್ತಾರೆ. ಹರಡಿಕೊಂಡ ಭಾರವನ್ನು ಆರ್‌ಸಿಸಿ ಹೊರುತ್ತದೆ. ಸೊಂಟದೆತ್ತರದಿಂದ ಕೈಬಿಟ್ಟ 80 ಕಿಲೋ ಬೇರೆಯೇ ಕಥೆ. ಕೆಳಗಿನ ಕೋಣೆಯಲ್ಲಿ ನಿನ್ನ ಅತ್ತೆ ಮಾವ ಮಲಗುತ್ತಾರೆ. ಆ ಏಟಿನ ಸದ್ದು ಗಾಳಿಯಲ್ಲಿ ಬರುವ ಸದ್ದಲ್ಲ, ಸ್ಲ್ಯಾಬಿನೊಳಗೇ ಹರಿದು ಗೋಡೆಯಲ್ಲಿ ಇಳಿಯುವ ಸದ್ದು. ಮೇಲೆ 10 ಮಿಲಿಮೀಟರ್ ರಬ್ಬರು ಹಾಸಿದರೆ ಅದು ನಿಲ್ಲುವುದಿಲ್ಲ. ಬೆಳಗಿನ ಐದೂವರೆಗೆ ತಲೆಯ ಮೇಲೆ ಹಾಗೆ ಸದ್ದಾದರೆ ಆ ಹಿರಿಯ ಜೀವಗಳ ಎದೆ ಎಷ್ಟು ಹಾರೀತು ಯೋಚಿಸು. ಅವರು ಬಾಯಿಬಿಟ್ಟು ಹೇಳುವವರೂ ಅಲ್ಲ.

ಅದಕ್ಕೇ ನನ್ನ ಮಾತು ಕೇಳುವುದಾದರೆ ಬಾರ್‌ಬೆಲ್ ಕೆಳಗಿನ ಸ್ಟೋರ್ ರೂಮಿಗೆ ಹೋಗಲಿ. ಅಲ್ಲಿಗೆ ನೀವಿನ್ನೂ ಟೈಲ್ಸ್ ಹಾಕಿಸಿಲ್ಲ, ಬರೀ ಸಿಮೆಂಟ್ ನೆಲ, ಅಡಿಯಲ್ಲಿ ಭೂಮಿ. ಆದರೆ ನೆಲಮಹಡಿಗೆ ತೇವದ ಕಾಟ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪ್ ಒತ್ತಿ ಒಂದು ದಿನ ಬಿಡಿ. ಬಿಚ್ಚಿದಾಗ ಒಳಮೈಯಲ್ಲಿ ನೀರಹನಿ ಕಂಡರೆ, ಅಥವಾ ಅಷ್ಟು ಜಾಗದ ಸಿಮೆಂಟ್ ಕಪ್ಪಗಾಗಿದ್ದರೆ ನೆಲ ಇನ್ನೂ ಒಣಗಿಲ್ಲ ಅಂತ. ಒಣಗುವ ತನಕ ಏನನ್ನೂ ಹಾಸಬೇಡಿ. ಅವಸರದಲ್ಲಿ ಹಾಸಿದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಒಣಗಿದ ಮೇಲೆ ಅಲ್ಲಿ ಒಂದು ಮಣೆ ಮಾಡಿಸಲಿ. ವೇಟ್‌ಲಿಫ್ಟಿಂಗ್ ಪಂದ್ಯದ ಮಣೆ 4 ಮೀಟರ್ ಚೌಕ ಇರುತ್ತದೆ. ಮನೆಗೆ 8 ಅಡಿ ಚೌಕ ಸಾಕು. 8 ಅಡಿಗೆ 4 ಅಡಿಯ 18 ಮಿಲಿಮೀಟರ್ ಪ್ಲೈವುಡ್ ಮೂರು ಹಾಳೆ ತರಿಸಿ. ಎರಡನ್ನು ಪಕ್ಕಪಕ್ಕ ಮಲಗಿಸಿದರೆ 8 ಅಡಿ ಚೌಕವಾಯಿತು. ಮೂರನೆಯದನ್ನು ಅವುಗಳ ಸೇರಿಕೆಗೆ ಅಡ್ಡಲಾಗಿ ಮೇಲೆ ನಡುವೆ ಕೂರಿಸಿ ಸ್ಕ್ರೂ ಹಾಕಬೇಕು. ನಿಂತು ಎತ್ತುವುದು ಅದರ ಮೇಲೆ. ಎರಡೂ ಪಕ್ಕ ಉಳಿಯುವ ಎರಡೆರಡು ಅಡಿ ಪಟ್ಟಿಗೆ 20 ಮಿಲಿಮೀಟರ್ ರಬ್ಬರು, ತಟ್ಟೆಗಳು ಇಳಿಯುವುದು ಅದರ ಮೇಲೆ. ಅಂಗಡಿಯಲ್ಲಿ ಹೇಳಿದ 20 ಮಿಲಿಮೀಟರ್ ಬೇಕಾಗುವುದು ಇಲ್ಲಿ. ಪ್ಲೈವುಡ್ ಮೇಲೆ ಐ.ಎಸ್. 710 ಎಂಬ ಗುರುತು ಇದೆಯೇ ನೋಡಿಕೊಳ್ಳಲಿ, ಅದು ನೀರು ತಡೆಯುವ ದರ್ಜೆಯದು. ಅಗ್ಗದ್ದು ತಂದರೆ ಎರಡು ಮಳೆಗಾಲಕ್ಕೆ ಪದರ ಬಿಡುತ್ತದೆ. ಗೆದ್ದಲಿನ ಔಷಧಿಯನ್ನೂ ಮರೆಯಬೇಡಿ. ಜಾಗ ಸಾಲದಿದ್ದರೆ ಬಾರ್‌ಬೆಲ್ ಕೊಳ್ಳುವುದನ್ನೇ ಒಂದು ವರ್ಷ ಮುಂದೂಡಲಿ, ಏನೂ ನಷ್ಟವಿಲ್ಲ.

ಖರ್ಚಿನ ಮಾತಿಗೆ ಬಂದರೆ, ಟ್ರೆಡ್‌ಮಿಲ್ಲಿಗೆ ಎಂದು ಎತ್ತಿಟ್ಟ ಹಣವಿದೆ ಅಂತ ನೀನು ಬರೆದಿದ್ದೀಯ. ಟ್ರೆಡ್‌ಮಿಲ್ ಈಗ ಬೇಡವೇ ಬೇಡ. ನಿಮ್ಮ ಬೀದಿಯ ಕೊನೆಗೆ ಪಾರ್ಕ್ ಇದೆ, ಮಣ್ಣಿನ ದಾರಿ ಇದೆ. ನಡೆಯಲು ಅದಕ್ಕಿಂತ ಒಳ್ಳೆಯ ನೆಲ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗು. ಆ ಹಣದಲ್ಲಿ ಮೊದಲು ನೆಲ ಮಾಡಿಸು. ಉಳಿದರೆ ಎರಡು ಜೊತೆ ಡಂಬೆಲ್ ತಗೋ. ಸಲಕರಣೆ ಇವತ್ತು ಕೊಂಡು ನಾಳೆ ಮಾರಬಹುದು, ಬದಲಾಯಿಸಬಹುದು. ಭಾರದ ಸಾಮಾನೆಲ್ಲ ಕೂತ ಮೇಲೆ ಅದರಡಿಯ ನೆಲ ಬದಲಾಯಿಸುವವರನ್ನು ನಾನು ಕಂಡಿಲ್ಲ. ಹಾಗೇ ನೋವು ಸಹಿಸಿಕೊಂಡು, ಕೊನೆಗೆ ಕೋಣೆಗೇ ಬೀಗ ಹಾಕಿ, ಬಟ್ಟೆ ಒಣಹಾಕಲು ಬಳಸುತ್ತಾರೆ. ನಿನ್ನ ಕೋಣೆಗೆ ಹಾಗಾಗಬಾರದು ಎಂಬುದೊಂದೇ ನನ್ನ ಕಳವಳ. ಇಷ್ಟು ವರ್ಷದ ಮೇಲೆ ನೀನು ನಿನಗಾಗಿ ಒಂದು ಗಂಟೆ ಎತ್ತಿಟ್ಟುಕೊಂಡಿದ್ದೀಯ. ಅದು ಮೊಣಕಾಲು ನೋವಿಗೆ ಹೆದರಿ ನಿಂತುಹೋಗಬಾರದು.

ಹಾಸಿದ ಮೇಲೂ ಜಿಗಿತಕ್ಕೆ ಅವಸರ ಬೇಡ. ಮೊದಲ ವಾರಗಳಲ್ಲಿ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಆಡು, ಹೆಜ್ಜೆ ನೆಲದಿಂದ ಒಂದಂಗುಲ ಎದ್ದರೆ ಸಾಕು, ಸದ್ದಿಲ್ಲದೆ ಇಳಿ. ಮುಂಗಾಲಿನ ಎಲುಬಿನ ಒಳಮಗ್ಗುಲನ್ನು ಆಗಾಗ ಒತ್ತಿ ನೋಡಿಕೋ. ನೋವಿದ್ದರೆ ಅಂದು ಹಗ್ಗ ಬೇಡ, ಆಸನ ಮಾಡಿಕೋ. ನೋವು ಹಾಗೇ ಉಳಿದರೆ ವೈದ್ಯರಿಗೆ ತೋರಿಸು, ನನ್ನ ಹಾಗೆ ಅಭ್ಯಾಸದ ನೆವ ಹೇಳಬೇಡ.

ಬಣ್ಣ ಕೇಳಿದ್ದೆಯಲ್ಲ: ಕರಿಯ ಮೈಮೇಲೆ ಬೂದು ಚುಕ್ಕೆಯದೇ ಇರಲಿ, ಧೂಳು ಕಾಣುವುದಿಲ್ಲ, ನಿನ್ನ ಗೋಡೆಯ ತಿಳಿಹಳದಿಗೂ ಒಪ್ಪುತ್ತದೆ. ನಿಮ್ಮ ದೊಡ್ಡಪ್ಪನೂ ಅದೇ ಅಂದರು. ಪುಟ್ಟನಿಗೆ ಮುತ್ತು, ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ಶನಿವಾರ ನೀನು ಅಂಗಡಿಗೆ ಮುಂಗಡ ಕೊಡಲು ಹೋಗುವ ಮೊದಲು ಟೈಲ್ಸ್ ತಟ್ಟಿ ನೋಡಿ, ಬಾಗಿಲ ಕೆಳಗಿನ ಸಂದಿ ಎಷ್ಟಿದೆ ಅಂತ ಸ್ಕೇಲಿಟ್ಟು ಅಳೆದು, ನನಗೊಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ